ಇದ್ದಕ್ಕಿದ್ದಂಗೆ ಜೋರು ಹಿಮ ಬಿದ್ರೆ ತೋಟದ ಪ್ರಾಣಿ-ಪಕ್ಷಿಗಳನ್ನ ನೋಡ್ಕೊಳ್ಳೋದು ಹೆಂಗೆ: ಮೊದಲ ಗಂಟೆಯಿಂದ ಹಿಮ ಕರಗೋವರೆಗೆ

ಹಿಮ ಬಿದ್ದ ಬೆಳಿಗ್ಗೆ ಬಹಳ ಜನ ಮಾಡೋ ಮೊದಲನೇ ಕೆಲಸ ಹೀಟರ್ ಹುಡುಕೋದು. ಕೋಳಿ ಗೂಡಿನ ಕಿಂಡಿಗೆಲ್ಲ ಹಳೇ ಬಟ್ಟೆ ತುರುಕಿ, ಒಳಗೊಂದು ಬಲ್ಬ್ ನೇತಾಕಿ, ಮೊಲದ ಪೆಟ್ಟಿಗೆಗೆ ಟಾರ್ಪಾಲ್ ಸುತ್ತಿ ಬಿಗಿಯಾಗಿ ಕಟ್ಟಿ, ಅಬ್ಬಾ ಮುಗೀತು ಅಂತ ಒಳಗೆ ಬಂದ್ಬಿಡ್ತಾರೆ. ಒಂದೆರಡು ದಿನ ಬಿಟ್ಟು ನೋಡಿದ್ರೆ ಕೋಳಿ ಜುಟ್ಟು ಕಪ್ಪಾಗಿರತ್ತೆ, ಮೊಲ ಮೂಲೇಲಿ ಮುದುರಿ ಕೂತು ಏನೂ ತಿಂತಿಲ್ಲ, ಕೋಳಿ ಅಂಗಳದ ಮೇಲೆ ಕಟ್ಟಿದ ಬಲೆ ಕುಸಿದು ಬಿದ್ದಿದೆ.

ಹೊರಗಡೆ ಇದ್ದು ರೂಢಿಯಾಗಿರೋ ಆರೋಗ್ಯವಂತ ಕೋಳಿ, ಮೊಲ ಮೈ ಒಣಗಿದ್ರೆ ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಚಳಿ ತಡ್ಕೊಳ್ತವೆ. ಅವುಗಳ ಪ್ರಾಣ ತೆಗೆಯೋದು ಒದ್ದೆ, ನೇರವಾಗಿ ಮೈಗೆ ಬಡಿಯೋ ಗಾಳಿ, ಕುಡಿಯೋಕೆ ನೀರಿಲ್ಲದೆ ಇರೋದು, ಮತ್ತೆ ತಲೆ ಮೇಲೆ ಬೀಳೋ ಚಾವಣಿ. ಅದಕ್ಕೇ ಕೆಳಗಿರೋ ಕ್ರಮ ಮುಖ್ಯ, ಮೊದಲು ಭಾರ, ಆಮೇಲೆ ದಾರಿ-ಬೇಲಿ, ಆಮೇಲೆ ನೀರು, ಆಮೇಲೆ ಗಾಳಿ ಮತ್ತು ಹಾಸಿಗೆ, ಊಟ ಅದಾದ್ಮೇಲೆ. ಬಿಸಿ ಮಾಡೋ ವಿಷಯ ಕೊನೇಲಿ, ಅದೂ ಬೇಕಾದ್ರೆ ಮಾತ್ರ.

## ಬಾಗಿಲು ತೆಗೆಯೋ ಮುಂಚೆ: ಏನೇನು ಬೇಕು

ಅರ್ಧ ಕೆಲಸ ಆದ್ಮೇಲೆ ಟವೆಲ್ ತರೋಕೆ ಅಂತ ಒದ್ದೆ ಬೂಟಲ್ಲಿ ಒಳಗೆ ಓಡಿಬರೋದು ಬೇಡ, ಎಲ್ಲ ಒಂದು ಬಕೆಟ್‌ಗೆ ಹಾಕ್ಕೊಂಡೇ ಹೊರಡಿ. ಉದ್ದ ಹಿಡಿಕೆಯ ಮೆತ್ತನೆ ಪೊರಕೆ, ಪ್ಲಾಸ್ಟಿಕ್ ಸಲಿಕೆ (ಲೋಹದ ಸಲಿಕೆ ಬಲೆ ಹರಿಯತ್ತೆ, ಕೊಳದ ತಳಕ್ಕೆ ಹಾಸಿರೋ ಹಾಳೆಯನ್ನೂ ತೂತು ಮಾಡತ್ತೆ), ಫ್ಲಾಸ್ಕ್ ತುಂಬ ಬಿಸಿನೀರು, ಪ್ರತಿ ಗೂಡಿಗೂ ಎರಡೆರಡು ನೀರಿನ ಬೌಲ್, ಒಣ ಹಾಸಿಗೆ ಹುಲ್ಲು, ಎರಡು ಟವೆಲ್, ಒಂದು ರಟ್ಟಿನ ಪೆಟ್ಟಿಗೆ, ಟಾರ್ಚ್, ಒಂದಿಷ್ಟು ಮರಳು, ಮತ್ತೆ ಇನ್ನೊಂದು ಜೊತೆ ಒಣ ಗ್ಲೌಸ್. ಬೌಲ್ ರಬ್ಬರಿಂದಾದ್ರೆ ಒಳ್ಳೇದು, ಮಂಜುಗಟ್ಟಿದಾಗ ಬಗ್ಗಿಸಿದ್ರೆ ಸಾಕು ಐಸ್ ಪೂರ್ತಿ ಗಡ್ಡೆಯಾಗಿ ಕಳಚಿ ಬೀಳತ್ತೆ, ಗಟ್ಟಿ ಪ್ಲಾಸ್ಟಿಕ್ ಆದ್ರೆ ಸೀಳ್ಬಿಡತ್ತೆ.

ಫೋನ್ ಅಂಗಿ ಒಳಗಿನ ಜೇಬಲ್ಲಿರ್ಲಿ, ಚಳಿಗೆ ಬ್ಯಾಟರಿ ಬೇಗ ಇಳಿಯತ್ತೆ. ಪಶುವೈದ್ಯರ ನಂಬರ್ ಮೊದಲೇ ಸೇವ್ ಮಾಡಿಟ್ಕೊಳ್ಳಿ.

ನಿಮ್ಮ ಬಗ್ಗೆನೂ ಒಂದು ಮಾತು. ಚಳೀಲಿ ರಕ್ತನಾಳ ಸಂಕುಚಿತ ಆಗಿರತ್ತೆ, ಅದರ ಮೇಲೆ ಒದ್ದೆ ಹಿಮ ಎತ್ತೋ ಶ್ರಮ ಬಿದ್ರೆ ಹೃದಯಕ್ಕೆ ದೊಡ್ಡ ಹೊರೆ. ಹಿಮ ಎತ್ತಿ ಎಸೆಯೋಕಿಂತ ತಳ್ಳಿ, ಎತ್ತಲೇಬೇಕಾದ್ರೆ ಅರ್ಧ ಸಲಿಕೆ ಮಾತ್ರ. ಎದೆ ಹಿಡಿದಂಗೆ ಆದ್ರೆ, ತಲೆ ಸುತ್ತಿದ್ರೆ ಅಲ್ಲೇ ನಿಲ್ಲಿಸಿ. ಹೃದಯದ ತೊಂದರೆ ಇರೋರು ಈ ಕೆಲಸ ಬೇರೆಯವರಿಗೆ ಬಿಡಿ.

## ಹಂತ 1: ಭಾರ ಇಳಿಸಿ

ಇದು ಮುಗಿಯೋವರೆಗೆ ಬೇರೆ ಯಾವುದಕ್ಕೂ ಕೈ ಹಾಕ್ಬೇಡಿ. ಹಿಮ ಹಗುರ ಅನ್ನೋದು ಕಣ್ಣಿಗೆ ಮಾತ್ರ. ಹೊಸದಾಗಿ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ ಸುಮಾರು 50ರಿಂದ 100 ಕೆಜಿ ತೂಗತ್ತೆ, ಅದೇ ಹಿಮ ನೀರು ಹೀರಿಕೊಂಡ್ರೆ 300 ಕೆಜಿ ದಾಟತ್ತೆ. ಲೆಕ್ಕ ಹಾಕಿ ನೋಡಿ: ಎರಡು ಮೀಟರ್ ಅಗಲ ಮೂರು ಮೀಟರ್ ಉದ್ದದ ಕೋಳಿ ಬಲೆ ಮೇಲೆ 20 ಸೆಂಟಿಮೀಟರ್ ಹಿಮ ನಿಂತ್ರೆ ಬೆಳಿಗ್ಗೆ 100 ಕೆಜಿ ಆಸುಪಾಸು ಇದ್ದದ್ದು, ಮಧ್ಯಾಹ್ನ ಸ್ವಲ್ಪ ಮಳೆ ಸೇರಿದ್ರೆ 350 ಕೆಜಿ ಮೇಲೆ ಹೋಗ್ಬಹುದು. ಅದನ್ನ ಹೊರೋಕೆ ಅಂತ ಯಾರೂ ಬಲೆ ಕಟ್ಟಿರಲ್ಲ.

ಬಲೆ ಒಳಗೆ ನಿಂತು ಮೇಲಕ್ಕೆ ಗುದ್ದಬೇಡಿ, ಕುಸಿದ್ರೆ ನೀವೇ ಅಡಿಯಲ್ಲಿ. ಹೊರಗೆ ನಿಂತು ಪೊರಕೆಯಿಂದ ಅಂಚಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಎಳೀರಿ, ಎರಡೂ ಕಡೆ ಸಮವಾಗಿ, ಒಂದೇ ಕಡೆ ಖಾಲಿ ಮಾಡಿದ್ರೆ ಚೌಕಟ್ಟು ವಾಲತ್ತೆ. ಹಿಮ ಇನ್ನೂ ಬೀಳ್ತಾನೇ ಇದ್ರೆ ಒಂದು ಸಲ ಗುಡಿಸಿ ಸುಮ್ನಾಗೋ ಹಂಗಿಲ್ಲ, ತಾಸಿಗೊಮ್ಮೆ ಕಿಟಕಿಯಿಂದ ನೋಡಿ, ಬಲೆ ಮಧ್ಯೆ ಜೋತು ಬೀಳೋಕೆ ಶುರುವಾದ ತಕ್ಷಣ ಹೋಗಿ. ಜಾಸ್ತಿ ಬೀಳೋ ಮುನ್ಸೂಚನೆ ಇದ್ರೆ ಮೆತ್ತನೆ ಬಲೆಯನ್ನ ಬಿಚ್ಚಿ ಮಡಚಿಟ್ಟು ಕೋಳಿಗಳನ್ನ ಗೂಡೊಳಗೇ ಇಡೋದು ಜಾಣತನ.

ಆಮೇಲೆ ತಲೆ ಎತ್ತಿ ನೋಡಿ. ಮನೆ ಚಾವಣಿಯ ಹಿಮ ಜಾರಿದ್ರೆ ಎಲ್ಲಿ ಬೀಳತ್ತೆ? ಬಹಳ ಜನ ಮೊಲದ ಪೆಟ್ಟಿಗೆಯನ್ನ ಗೋಡೆಗೆ ಒತ್ತಿ ಇಟ್ಟಿರ್ತಾರೆ, ಗಾಳಿಗೆ ಮರೆ ಅಂತ, ಆದ್ರೆ ಸರಿಯಾಗಿ ಸೂರಿನ ಅಡಿಗೆ. ಅಂಥದ್ದನ್ನ ಈಗಲೇ ಸರಿಸಿ. ಹಿಮ ತುಂಬಿದ ಕೊಂಬೆ ಕೆಳಗಿದ್ರೂ ಅಷ್ಟೇ. ಕೊಂಬೆ ಮೇಲಿನ ಹಿಮವನ್ನ ಪೊರಕೆಯಿಂದ ಕೆಳಗಿಂದ ಮೇಲಕ್ಕೆ ಮೆಲ್ಲಗೆ ಎತ್ತಿ ಉದುರಿಸಿ, ಐಸ್ ಆಗಿ ಗಟ್ಟಿಯಾಗಿದ್ರೆ ಮುಟ್ಟಬೇಡಿ, ಕೊಂಬೆ ಸೀಳಿ ಬರತ್ತೆ.

ಜನ ಇಲ್ಲೇ ಅತಿ ಉತ್ಸಾಹ ತೋರಿಸ್ತಾರೆ: ಗೂಡಿನ ಸುತ್ತ ಇರೋ ಹಿಮವನ್ನೆಲ್ಲ ಬಳಿದು ಹಾಕ್ತಾರೆ. ಬೇಡ ಕಣ್ರೀ. ಹಿಮದಲ್ಲಿ ಗಾಳಿ ತುಂಬಿರೋದ್ರಿಂದ ಅದು ಕಂಬಳಿ ಥರ ಕೆಲಸ ಮಾಡತ್ತೆ. ಗೋಡೆಗೆ ಒರಗಿರೋ ಹಿಮ ಹಂಗೇ ಇರ್ಲಿ. ಚಾವಣಿ, ಬಾಗಿಲು, ಗಾಳಿ ಕಿಂಡಿ, ಇಷ್ಟು ಮಾತ್ರ ಖಾಲಿ ಮಾಡಿ.

## ಹಂತ 2: ದಾರಿ ಮತ್ತು ಬೇಲಿ

ಮನೆಯಿಂದ ಗೂಡಿಗೆ ಒಂದು ಸಲಿಕೆ ಅಗಲದ ದಾರಿ ಸಾಕು. ಉಪ್ಪು ಹಾಕ್ಬೇಡಿ, ಮರಳು ಹಾಕಿ. ಉಪ್ಪು ಕರಗಿ ಕೊಳಕ್ಕೆ, ಗಿಡದ ಬೇರಿಗೆ ಇಳಿಯತ್ತೆ, ನಾಯಿ ಬೆಕ್ಕಿನ ಪಾದ ಉರಿಯತ್ತೆ, ಅವು ನೆಕ್ಕಿದ್ರೆ ಹೊಟ್ಟೆಗೂ ಹೋಗತ್ತೆ. ಕಾರಿಗೆ ಹಾಕೋ ಆಂಟಿಫ್ರೀಜ್ ಇನ್ನೂ ಕೆಟ್ಟದ್ದು, ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರತ್ತೆ, ಸ್ವಲ್ಪ ನೆಕ್ಕಿದ್ರೂ ಕಿಡ್ನಿ ಹೋಗತ್ತೆ. ಒಂದು ಹನಿ ಚೆಲ್ಲಿದ್ರೂ ತೊಳೀರಿ.

ಬೇಲಿ ಯಾರೂ ನೋಡಲ್ಲ. ಗಾಳಿಗೆ ಹಿಮ ಬೇಲಿಗೆ ಒರಗಿ ದಿಬ್ಬ ಆದ್ರೆ ಎರಡು ಮೀಟರ್ ಬೇಲಿ ಒಂದು ಮೀಟರ್ ಆಗೋಗತ್ತೆ, ಹಸಿದ ನರಿ ಆರಾಮಾಗಿ ನಡ್ಕೊಂಡು ದಾಟತ್ತೆ. ಎಲೆಕ್ಟ್ರಿಕ್ ಬೇಲಿ ಇದ್ರೆ ಕೆಳಗಿನ ತಂತಿಗೆ ಒದ್ದೆ ಹಿಮ ತಾಗಿ ಕರೆಂಟ್ ನೆಲಕ್ಕೆ ಸೋರ್ತಿರತ್ತೆ, ಒಣ ಹಿಮ ದಪ್ಪಗಿದ್ರೆ ಪ್ರಾಣಿಗೆ ಸರಿಯಾಗಿ ಅರ್ಥಿಂಗ್ ಸಿಗದೆ ಶಾಕ್ ಹೊಡೆಯೋದೇ ಇಲ್ಲ. ಎರಡೂ ಸಂದರ್ಭದಲ್ಲಿ ಬೇಲಿ ಇದೆ ಅಂತ ನಂಬಿ ಕೂರೋ ಹಂಗಿಲ್ಲ, ರಾತ್ರಿ ಗೂಡಿಗೆ ಚಿಲಕ ಹಾಕ್ಲೇಬೇಕು.

## ಹಂತ 3: ನೀರು

ಹೊಟ್ಟೆಗಿಲ್ಲದೆ ಒಂದು ದಿನ ಹೆಂಗೋ ತಳ್ಳೋ ಕೋಳಿ ನೀರಿಲ್ಲದೆ ಬೇಗ ಸೋಲತ್ತೆ. ಒಣ ಕಾಳು, ಒಣಹುಲ್ಲು ತಿನ್ನೋ ಪ್ರಾಣಿಗೆ ಅದನ್ನ ಅರಗಿಸೋಕೇ ನೀರು ಬೇಕು. ಹಿಮ ತಿಂದ್ಕೊಳ್ತವೆ ಬಿಡಿ ಅನ್ನೋದು ತಪ್ಪು, ಹಿಮ ಕರಗಿಸೋಕೆ ಮೈಯ ಬಿಸಿನೇ ಖರ್ಚಾಗತ್ತೆ.

ಎರಡು ಬೌಲ್ ಇಟ್ಕೊಳ್ಳಿ ಅಂದಿದ್ದು ಇದಕ್ಕೇ. ಒಂದು ಗೂಡಲ್ಲಿ, ಇನ್ನೊಂದು ಮನೆ ಒಳಗೆ ಐಸ್ ಬಿಡ್ತಾ ಇರ್ಲಿ, ಹೋದಾಗೆಲ್ಲ ಅದಲು ಬದಲು ಮಾಡಿ. ಉಗುರು ಬೆಚ್ಚಗಿನ ನೀರು ಹಾಕಿ, ಕುದಿಯೋದಲ್ಲ. ಹೆಪ್ಪುಗಟ್ಟೋ ಚಳಿ ಇದ್ರೆ ದಿನಕ್ಕೆ ಮೂರ್ನಾಲ್ಕು ಸಲವಾದ್ರೂ ಬೇಕಾಗತ್ತೆ: ಬೆಳಕು ಹರಿದಾಗ, ಮಧ್ಯಾಹ್ನ ಒಂದೆರಡು ಸಲ, ಕತ್ತಲಾಗೋ ಮುಂಚೆ. ಬೌಲ್ ಅಗಲವಾಗಿ ತೆಳ್ಳಗಿದ್ರೆ ಬೇಗ ಗಟ್ಟಿಯಾಗತ್ತೆ, ಆಳವಾಗಿ ಕಪ್ಪು ಬಣ್ಣದ್ದಿದ್ದು ಬಿಸಿಲಿಗಿಟ್ರೆ ತಡವಾಗತ್ತೆ.

ಮೊಲ, ಗಿನಿಪಿಗ್ ಬಾಟಲಿ ವಿಷಯದಲ್ಲಿ ಎಲ್ಲರೂ ಮೋಸ ಹೋಗೋ ಜಾಗ ಒಂದಿದೆ. ಬಾಟಲಿಯಲ್ಲಿ ನೀರು ಅಲ್ಲಾಡ್ತಿರತ್ತೆ, ಅದನ್ನ ನೋಡಿ ಸರಿಯಿದೆ ಅಂದ್ಕೊಳ್ತೀವಿ, ಆದ್ರೆ ಲೋಹದ ಮೂತಿಯೊಳಗಿನ ಗುಂಡು ಐಸ್‌ಗೆ ಅಂಟ್ಕೊಂಡು ಒಂದು ಹನಿಯೂ ಬರ್ತಿರಲ್ಲ. ಪ್ರತಿ ಸಲ ಬೆರಳಲ್ಲಿ ಗುಂಡನ್ನ ಒತ್ತಿ ನೋಡಿ. ಬಾಟಲಿಗೆ ಹಳೇ ಉಲನ್ ಕಾಲುಚೀಲ ತೊಡಿಸ್ಬಹುದು, ಆದ್ರೂ ಪಕ್ಕದಲ್ಲೊಂದು ಭಾರದ ಬೌಲ್ ಇರಲೇಬೇಕು.

ನೀರು ಗಟ್ಟಿಯಾಗದಿರ್ಲಿ ಅಂತ ಉಪ್ಪು, ಸಕ್ಕರೆ, ಗ್ಲಿಸರಿನ್ ಯಾವುದನ್ನೂ ಬೆರೆಸ್ಬೇಡಿ.

## ಹಂತ 4: ಗಾಳಿ ಮತ್ತು ಹಾಸಿಗೆ

ಅತಿ ಹೆಚ್ಚು ಜನ ಎಡವೋದು ಇಲ್ಲಿ. ಕೋಳಿಗಳು ರಾತ್ರಿಯಿಡೀ ಉಸಿರಾಡ್ತಾ, ಹಿಕ್ಕೆ ಹಾಕ್ತಾ ಬಹಳ ತೇವ ಬಿಡ್ತವೆ. ಕಿಂಡಿ ಮುಚ್ಚಿದ್ರೆ ಆ ತೇವ ಎಲ್ಲಿಗೂ ಹೋಗಲ್ಲ, ಚಾವಣಿಗೆ ಅಂಟಿ ಹನಿಯಾಗಿ ಅವುಗಳ ಮೇಲೇ ಬೀಳತ್ತೆ, ಒದ್ದೆ ಜುಟ್ಟಿಗೆ ಚಳಿ ತಾಗಿ ಅಲ್ಲಿನ ಮಾಂಸ ಸಾಯತ್ತೆ. ಜುಟ್ಟು ಕಪ್ಪಾಗೋದು ಬಹಳ ಸಲ ಚಳಿ ಜಾಸ್ತಿಯಾಗಿದ್ದಕ್ಕಿಂತ ಗೂಡು ಬಿಗಿಯಾಗಿದ್ದರಿಂದ.

ಮೇಲಿನ ಕಿಂಡಿ ತೆರೆದಿರ್ಬೇಕು, ಕೋಳಿ ಕೂರೋ ಎತ್ತರದಲ್ಲಿ ಗಾಳಿ ನುಗ್ಗಬಾರ್ದು. ಅಂದ್ರೆ ಕೆಳಗಿನ ಬಿರುಕು ಮುಚ್ಚಿ, ಸೂರಿನ ಹತ್ರದ್ದು ಬಿಡಿ. ಪರೀಕ್ಷೆ ಸುಲಭ: ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಒಳಗೆ ತಲೆ ಹಾಕಿ, ಚಾವಣಿ ಒಳಮೈ ಒದ್ದೆಯಿದ್ರೆ, ಅಥವಾ ಅಮೋನಿಯಾ ಘಾಟಿಗೆ ಕಣ್ಣು ಉರಿದ್ರೆ, ಗಾಳಿ ಸಾಲ್ತಿಲ್ಲ.

ಕೂರೋ ಕೋಲು ಅಗಲವಾಗಿ ಚಪ್ಪಟೆಯಾಗಿದ್ರೆ ಕೋಳಿ ಹೊಟ್ಟೆಯ ಪುಕ್ಕದಿಂದ ಕಾಲ್ಬೆರಳನ್ನ ಪೂರ್ತಿ ಮುಚ್ಕೊಂಡು ಕೂರತ್ತೆ. ತೆಳ್ಳಗಿನ ಕಬ್ಬಿಣದ ಸರಳಿದ್ರೆ ಇವತ್ತೇ ತೆಗೆದು ಮರದ ಪಟ್ಟಿ ಹಾಕಿ. ನೆಲಕ್ಕೆ ದಪ್ಪಗೆ ಮರದ ಹೊಟ್ಟು ಅಥವಾ ಗೋಧಿ ದಂಟಿನ ಒಣಹುಲ್ಲು, ಒದ್ದೆಯಾದದ್ದನ್ನ ಮಾತ್ರ ತೆಗೆದು ಮೇಲೆ ಹೊಸದು ಹಾಕ್ತಾ ಹೋಗಿ.

ಮೊಲಕ್ಕೆ ಮಲಗೋ ಭಾಗದಲ್ಲಿ ಒಣಹುಲ್ಲು ಎಷ್ಟಿರ್ಬೇಕು ಅಂದ್ರೆ ಅದು ಒಳಗೆ ಬಿಲ ತೋಡ್ಕೊಂಡು ಕಾಣದಂಗೆ ಆಗ್ಬೇಕು. ಹಳೇ ಕಂಬಳಿ ಹಾಸ್ಬೇಡಿ, ತೇವ ಹೀರಿ ಗಡ್ಡೆಯಾಗತ್ತೆ. ಬೀದಿ ಬೆಕ್ಕಿಗೆ ಪೆಟ್ಟಿಗೆ ಇಡೋರಿಗೂ ಇದೇ ಮಾತು. ಮೊಲದ ಪೆಟ್ಟಿಗೆ ನೆಲದಿಂದ ಎತ್ತರದಲ್ಲಿರ್ಲಿ, ಮುಂದಿನ ಜಾಲರಿಗೆ ಟಾರ್ಪಾಲ್ ಇಳಿಬಿಡಿ, ಆದ್ರೆ ಮೇಲೆ ಕೈ ಅಗಲ ಜಾಗ ಗಾಳಿಗೆ ಬಿಡಿ. ಒಟ್ಟಿಗೆ ಬೆಳೆದ ಜೋಡಿ ಒಂದಕ್ಕೊಂದು ಒತ್ತಿ ಬೆಚ್ಚಗಿರತ್ತೆ, ಹಾಗಂತ ಪರಿಚಯ ಇಲ್ಲದ ಎರಡು ಮೊಲಗಳನ್ನ ಈ ದಿನ ಒಂದೇ ಕಡೆ ಹಾಕಿದ್ರೆ ರಕ್ತ ಬರೋ ಹಂಗೆ ಕಾದಾಡ್ತವೆ.

ಗಿನಿಪಿಗ್ ಕಥೆ ಬೇರೆ. 15 ಡಿಗ್ರಿಗಿಂತ ಕೆಳಗೆ ಅದನ್ನ ಹೊರಗಿಡಲೇಬಾರ್ದು, ಒಳಗೆ ತನ್ನಿ. ವಯಸ್ಸಾದ, ಕಾಯಿಲೆಯ, ಸಣಕಲು ಮೊಲನೂ ಒಳಗೆ, ಆದ್ರೆ ಹೀಟರ್ ಪಕ್ಕ ಅಲ್ಲ, ತಣ್ಣಗಿರೋ ಕೋಣೆಗೆ. ಕಾರು ಸ್ಟಾರ್ಟ್ ಮಾಡೋ ಗ್ಯಾರೇಜ್ ಬೇಡ, ಹೊಗೆ ಕೊಲ್ಲತ್ತೆ. ಒಮ್ಮೆ ಬೆಚ್ಚನೆ ಮನೆಗೆ ತಂದ ಪ್ರಾಣಿಯನ್ನ ಸಂಜೆಗೆ ಮತ್ತೆ ಹಿಮಕ್ಕೆ ಬಿಡ್ಬೇಡಿ.

ಬಲ್ಬ್, ಹೀಟ್ ಲ್ಯಾಂಪ್ ಬಗ್ಗೆ: ಒಣಹುಲ್ಲು, ಧೂಳು, ಹಾರೋ ಕೋಳಿ, ಸಡಿಲ ವೈರ್, ಇಷ್ಟೂ ಒಂದೇ ಕಡೆ ಇದ್ರೆ ಬೆಂಕಿ ಹತ್ತೋಕೆ ಇನ್ನೇನು ಬೇಕು. ಬೆಳೆದ ಕೋಳಿಗೆ ಅದರ ಅಗತ್ಯನೂ ಇಲ್ಲ. ಮೊಲಕ್ಕೆ ಬಿಸಿ ಬೇಕೇಬೇಕು ಅನ್ಸಿದ್ರೆ ಮೈಕ್ರೋವೇವ್‌ನಲ್ಲಿ ಬಿಸಿ ಮಾಡೋ ಪ್ಯಾಡ್ ದಪ್ಪ ಬಟ್ಟೆ ಸುತ್ತಿ ಒಂದು ಮೂಲೇಲಿಡಿ, ಬೇಡ ಅನ್ಸಿದ್ರೆ ದೂರ ಸರಿಯೋಕೆ ಅದಕ್ಕೆ ಜಾಗ ಇರ್ಲಿ.

## ಹಂತ 5: ಊಟ

ಚಳೀಲಿ ಮೈ ಬಿಸಿ ಇಡೋಕೆ ಜಾಸ್ತಿ ತಿನ್ಬೇಕಾಗತ್ತೆ. ಕೋಳಿಗೆ ದಿನದ ಆಹಾರ ಅದೇ ಇರ್ಲಿ, ಸಂಜೆ ಕೂರೋ ಮುಂಚೆ ಒಂದು ಹಿಡಿ ಗೋಧಿ ಅಥವಾ ಜೋಳದ ಕಾಳು ಕೊಟ್ರೆ ರಾತ್ರಿಯಿಡೀ ನಿಧಾನಕ್ಕೆ ಅರಗತ್ತೆ. ಗೂಡಿನ ಬಾಗಿಲ ಮುಂದೆ ಹಿಮ ಗುಡಿಸಿ ಒಣಹುಲ್ಲು ಹರಡಿದ್ರೆ ಹೊರಗೆ ಬರ್ತವೆ, ಬಿಳೀ ನೆಲ ಕಂಡ್ರೆ ಕೋಳಿಗಳು ಹೊಸ್ತಿಲು ದಾಟಲ್ಲ. ಮೊಲಕ್ಕೆ ತಿನ್ನೋ ಒಣಹುಲ್ಲು ಮಿತಿ ಇಲ್ಲದೆ ಕೊಡಿ, ಹಿಮದಡಿಯಿಂದ ಕಿತ್ತ ಮಂಜುಗಟ್ಟಿದ ಸೊಪ್ಪು ಬೇಡ.

## ಹಂತ 6: ತೋಟಕ್ಕೆ ಬರೋ ಹಕ್ಕಿಗಳು

ಪುಟ್ಟ ಹಕ್ಕಿ ಒಂದು ಚಳಿ ರಾತ್ರಿ ಕಳೆಯೋಷ್ಟರಲ್ಲಿ ಮೈತೂಕದ ಹತ್ತನೇ ಒಂದು ಭಾಗದಷ್ಟು ಕರಗಿಸಿರ್ಬಹುದು. ಹಂಗಾಗಿ ಎರಡು ಹೊತ್ತು ತಪ್ಪಬಾರ್ದು: ಬೆಳಕು ಹರೀತಿದ್ದಂಗೆ ಒಂದು ಸಲ, ಸೂರ್ಯ ಮುಳುಗೋಕೆ ಒಂದೆರಡು ಗಂಟೆ ಮುಂಚೆ ಇನ್ನೊಂದು ಸಲ. ಹತ್ತು ಗಂಟೆಗೆ ಕಾಫಿ ಕುಡಿದು ಆರಾಮಾಗಿ ಹಾಕಿದ್ರೆ ಬಹಳ ಹಕ್ಕಿಗೆ ತಡ ಆಗಿರತ್ತೆ.

ಕೊಬ್ಬು ಇರೋದು ಕೊಡಿ. ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ, ಉಪ್ಪಿಲ್ಲದ ಕಡ್ಲೆಕಾಯಿ ಬೀಜದ ಚೂರು, ಪ್ರಾಣಿ ಕೊಬ್ಬಿನ ಉಂಡೆ. ಉಂಡೆ ಪ್ಲಾಸ್ಟಿಕ್ ಬಲೆಯಲ್ಲಿ ಬಂದಿದ್ರೆ ಬಲೆ ಕತ್ತರಿಸಿ ಬಿಸಾಕಿ, ಹಕ್ಕಿ ಕಾಲು ಸಿಕ್ಕಾಕ್ಕೊಳ್ಳತ್ತೆ. ಹಣ್ಣು ತಿನ್ನೋ ಹಕ್ಕಿಗಳಿಗೆ ಸೇಬು ಹೋಳು ಮಾಡಿ ಗುಡಿಸಿದ ನೆಲದಲ್ಲಿಡಿ. ಎಲ್ಲ ಹಕ್ಕಿನೂ ನೇತಾಕಿದ ಕಾಳಿನ ಡಬ್ಬಕ್ಕೆ, ಅಂದ್ರೆ ಫೀಡರ್‌ಗೆ ಬರಲ್ಲ, ನೆಲದಲ್ಲೇ ಹೆಕ್ಕೋವೂ ಇವೆ. ಪೊದೆಯಿಂದ ಒಂದೆರಡು ಮೀಟರ್ ದೂರ ಇಡಿ, ಹಾರಿ ಅಡಗೋಕೂ ಆಗ್ಬೇಕು, ಬೆಕ್ಕು ಅಲ್ಲೇ ಹೊಂಚು ಹಾಕೋಕೂ ಆಗ್ಬಾರ್ದು.

ಕೊಡಬಾರದ್ದು: ಉಪ್ಪು ಹಾಕಿದ ಏನೂ, ಬೂಷ್ಟು ಹಿಡಿದ ಕಡ್ಲೆಕಾಯಿ (ಆ ಬೂಷ್ಟಿನ ವಿಷ ಹಕ್ಕಿಯನ್ನ ಕೊಲ್ಲತ್ತೆ), ಹಾಲು, ಒಣ ಕೊಬ್ಬರಿ ತುರಿ (ಹೊಟ್ಟೇಲಿ ಊದತ್ತೆ), ಬಾಣಲೇಲಿ ಉಳಿದ ಜಿಡ್ಡು (ಪುಕ್ಕಕ್ಕೆ ಅಂಟಿದ್ರೆ ಅದರ ಚಳಿ ತಡೆಯೋ ಶಕ್ತಿನೇ ಹೋಗತ್ತೆ). ಬ್ರೆಡ್ ವಿಷ ಅಲ್ಲ, ಆದ್ರೆ ಹೊಟ್ಟೆ ತುಂಬತ್ತೆ ಶಕ್ತಿ ಬರಲ್ಲ, ಈ ಹೊತ್ತಲ್ಲಿ ಅದು ದಂಡ.

ನೀರಿನ ತಟ್ಟೆ ಕೆಲವೇ ಸೆಂಟಿಮೀಟರ್ ಆಳ ಇರ್ಲಿ, ಒಂದು ಹಗುರ ಚೆಂಡು ತೇಲಿಬಿಟ್ರೆ ಗಾಳಿಗೆ ಅಲ್ಲಾಡಿ ಗಟ್ಟಿಯಾಗೋದು ಸ್ವಲ್ಪ ತಡವಾಗತ್ತೆ. ಫೀಡರ್ ವಾರಕ್ಕೊಮ್ಮೆಯಾದ್ರೂ ತೊಳೀರಿ, ಚಳೀಲಿ ಹಕ್ಕಿಗಳು ಒಂದೇ ಕಡೆ ಗುಂಪು ಸೇರೋದ್ರಿಂದ ರೋಗನೂ ಬೇಗ ಹರಡತ್ತೆ. ಮೈ ಉಬ್ಬಿಸ್ಕೊಂಡು ಮಂಕಾಗಿ, ಹತ್ರ ಹೋದ್ರೂ ಹಾರದೆ ಕೂತಿರೋ ಹಕ್ಕಿಗಳು ಕಂಡ್ರೆ ಫೀಡರ್ ಇಳಿಸಿ ಕೆಲವು ವಾರ ನಿಲ್ಲಿಸೋದೇ ಸರಿ, ಮನಸ್ಸಿಗೆ ಎಷ್ಟೇ ಕಷ್ಟ ಆದ್ರೂ.

## ಹಂತ 7: ಕೊಳ

ಸುತ್ತಿಗೆ ತಗೊಂಡು ಐಸ್ ಒಡೀಬೇಡಿ. ಆ ಏಟಿನ ಅಲೆ ನೀರಲ್ಲಿ ಮೀನಿಗೂ ಕಪ್ಪೆಗೂ ಹೊಡೆತ ಕೊಡತ್ತೆ. ಒಂದು ಪಾತ್ರೆಗೆ ಬಿಸಿನೀರು ತುಂಬಿ ಐಸ್ ಮೇಲಿಡಿ, ಅದು ತಾನೇ ಕರಗಿಸಿ ತೂತು ಮಾಡತ್ತೆ. ಹಿಡಿಕೆಗೆ ದಾರ ಕಟ್ಟಿರಿ, ಇಲ್ಲಾಂದ್ರೆ ಪಾತ್ರೆನೂ ಕೊಳದ ತಳ ಸೇರತ್ತೆ. ಬಿಸಿನೀರನ್ನ ನೇರವಾಗಿ ಸುರೀಬೇಡಿ.

ತೂತು ಬೇಕಾಗಿರೋದು ತಳದಲ್ಲಿ ಕೊಳೆಯೋ ಎಲೆಯಿಂದ ಬರೋ ಗ್ಯಾಸ್ ಹೊರಗೆ ಹೋಗೋಕೆ. ಅದರಷ್ಟೇ ಮುಖ್ಯ ಐಸ್ ಮೇಲಿನ ಹಿಮವನ್ನ ದಡದಲ್ಲಿ ನಿಂತು ಗುಡಿಸೋದು, ಬೆಳಕು ಒಳಗೆ ಹೋದ್ರೆ ನೀರಿನ ಗಿಡ ಆಮ್ಲಜನಕ ಬಿಡ್ತಾ ಇರತ್ತೆ. ಐಸ್ ಮೇಲೆ ಕಾಲಿಡೋದು ಬೇಡವೇ ಬೇಡ. ನೀರು ಅತಿ ಭಾರ ಇರೋದು 4 ಡಿಗ್ರಿಯಲ್ಲಿ, ಹಾಗಾಗಿ ಆಳದ ಕೊಳದಲ್ಲಿ ತಳದ ನೀರು ಮೇಲಿನದಕ್ಕಿಂತ ಬೆಚ್ಚಗಿರತ್ತೆ, ಮೀನು ಅಲ್ಲೇ ಸುಮ್ನಿರತ್ತೆ. ತಳದಲ್ಲಿರೋ ಪಂಪ್ ಓಡ್ತಿದ್ರೆ ಆ ಪದರ ಕಲಕಿ ಹೋಗತ್ತೆ, ಆಫ್ ಮಾಡಿ ಅಥವಾ ಮೇಲಕ್ಕೆ ಎತ್ತಿ. ಇಷ್ಟು ಚಳೀಲಿ ಮೀನಿಗೆ ಊಟ ಹಾಕ್ಬೇಡಿ, ಅದಕ್ಕೆ ಅರಗಲ್ಲ.

## ಹಂತ 8: ಮಲಗಿರೋವನ್ನ ಬಿಟ್ಬಿಡಿ

ಎಲೆ ರಾಶಿ, ಕಟ್ಟಿಗೆ ರಾಶಿ, ಕಾಂಪೋಸ್ಟ್ ಗುಂಡಿ ಕೆದಕಬೇಡಿ. ಒಳಗೆ ಕಪ್ಪೆ, ಹೆಜ್‌ಹಾಗ್ ಇರೋ ಊರಲ್ಲಿ ಹೆಜ್‌ಹಾಗ್ (ಮೈಮೇಲೆ ಮುಳ್ಳಿರೋ ಪುಟ್ಟ ಪ್ರಾಣಿ), ಲೆಕ್ಕವಿಲ್ಲದಷ್ಟು ಹುಳ ಚಳಿಗಾಲದ ನಿದ್ದೇಲಿ ಮಲಗಿರ್ತವೆ, ಮೇಲಿನ ಹಿಮ ಅವಕ್ಕೆ ಹೊದಿಕೆ. ಉಂಡೆಯಾಗಿ ಸುತ್ತಿಕೊಂಡು ತಣ್ಣಗಿರೋ ಹೆಜ್‌ಹಾಗ್ ಸತ್ತಿಲ್ಲ, ಮಲಗಿದೆ, ಹಂಗೇ ಮುಚ್ಚಿಡಿ. ಆದ್ರೆ ಹಗಲಲ್ಲಿ ಹಿಮದ ಮೇಲೆ ತೂರಾಡ್ತಾ ನಡೀತಿದ್ರೆ ಅಥವಾ ಚಪ್ಪಟೆಯಾಗಿ ಬಿದ್ದಿದ್ರೆ ಅದಕ್ಕೆ ಸಹಾಯ ಬೇಕು: ದಪ್ಪ ಗ್ಲೌಸ್ ಹಾಕಿ ಎತ್ತಿ, ಎತ್ತರದ ಪೆಟ್ಟಿಗೇಲಿ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ಜೊತೆ ಇಟ್ಟು ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ. ಮೈ ಬೆಚ್ಚಗಾಗೋವರೆಗೆ ಊಟ ಬೇಡ, ಹಾಲು ಯಾವತ್ತೂ ಬೇಡ.

ಜೇನುಪೆಟ್ಟಿಗೆ ತೆಗೆದು ನೋಡೋ ಚಪಲ ಬೇಡ, ಒಳಗಿನ ಗುಂಪು ಚದುರಿದ್ರೆ ಬಿಸಿ ಹೋಗತ್ತೆ. ಬಾಗಿಲ ಹಿಮ ಮಾತ್ರ ಮೆಲ್ಲಗೆ ತೆಗೆದು, ಮುಂದೆ ಒಂದು ಹಲಗೆ ಓರೆಯಾಗಿ ನಿಲ್ಲಿಸಿ. ಹಿಮದ ಬೆಳಕು ಕಣ್ಣಿಗೆ ಬಿದ್ರೆ ಹುಳಗಳು ಹೊರಗೆ ಹಾರಿ ಅಲ್ಲೇ ಚಳಿಗೆ ಬೀಳ್ತವೆ.

## ಕತ್ತಲಾಗೋ ಮುಂಚೆ

ಸಂಜೆ ಒಂದು ಸುತ್ತು ಹಾಕಿ: ಎಲ್ಲ ಕೋಳಿ ಒಳಗಿದ್ಯಾ ಎಣಿಸಿ, ಚಾವಣಿ ಮತ್ತೊಮ್ಮೆ ಗುಡಿಸಿ, ಮೊಟ್ಟೆ ತೆಗೀರಿ (ಹೆಪ್ಪುಗಟ್ಟಿ ಸೀಳತ್ತೆ), ಕಿಂಡಿ ಹಿಮದಿಂದ ಮುಚ್ಚಿಲ್ಲ ಅಂತ ನೋಡಿ, ಚಿಲಕದ ಮೇಲಿನ ಐಸ್ ಒರೆಸಿ. ಇಲ್ಲಾಂದ್ರೆ ಬೆಳಿಗ್ಗೆ ಬಾಗಿಲೇ ತೆಗೆಯೋಕೆ ಬರಲ್ಲ.

## ಯಾವಾಗ ತಡ ಮಾಡಬಾರದು

ಮೊಲ ಅಥವಾ ಗಿನಿಪಿಗ್ ಅರ್ಧ ದಿನ ಏನೂ ತಿಂದಿಲ್ಲ, ಹಿಕ್ಕೆ ಹಾಕಿಲ್ಲ, ಅಥವಾ ಹಿಕ್ಕೆ ತೀರಾ ಸಣ್ಣದಾಗಿದೆ, ಹಲ್ಲು ಕಡೀತಾ ಮುದುರಿ ಕೂತಿದೆ: ಇದು ಕರುಳು ನಿಂತಿರೋ ಲಕ್ಷಣ, ನಾಳೆ ನೋಡೋಣ ಅನ್ನೋ ಮಾತೇ ಇಲ್ಲ, ಡಾಕ್ಟರಿಗೆ ಫೋನ್ ಮಾಡಿ. ಕಿವಿ ತಣ್ಣಗಾಗಿ ಮೈ ಜೋತು ಬಿದ್ದಿದ್ರೆ ಒಣ ಟವೆಲಲ್ಲಿ ಸುತ್ತಿ ನಿಧಾನಕ್ಕೆ ಬೆಚ್ಚಗೆ ಮಾಡ್ತಾ ಕರ್ಕೊಂಡು ಹೋಗಿ.

ಕೋಳಿ ಜುಟ್ಟು ಮೊದಲು ಬಿಳಿಚಿಕೊಂಡು ಬೂದಿ ಬಣ್ಣ ಆಗತ್ತೆ, ಕಪ್ಪಾಗೋದು ಆಮೇಲೆ. ಉಜ್ಜಬೇಡಿ, ಹೇರ್ ಡ್ರೈಯರ್ ಹಿಡೀಬೇಡಿ, ಒಳಗೆ ತಂದು ಉಗುರು ಬೆಚ್ಚಗಿನ ಒದ್ದೆ ಬಟ್ಟೆ ಇಟ್ಟು ನಿಧಾನಕ್ಕೆ ಕರಗಿಸಿ. ಮತ್ತೆ ಅದೇ ಗೂಡಿಗೆ ಬಿಟ್ಟು ಇನ್ನೊಮ್ಮೆ ಹೆಪ್ಪುಗಟ್ಟಿದ್ರೆ ಮೊದಲಿಗಿಂತ ಜಾಸ್ತಿ ಹಾಳಾಗತ್ತೆ.

ಹಿಮದಲ್ಲಿ ಬಿದ್ದ ಹಕ್ಕಿ ಸಿಕ್ರೆ ಗಾಳಿಯಾಡೋ ಪೆಟ್ಟಿಗೇಲಿ ಕತ್ತಲಲ್ಲಿ ಬೆಚ್ಚಗೆ ಇಡಿ, ಬಾಯಿ ತೆರೆದು ನೀರು ಹಾಕ್ಬೇಡಿ, ಶ್ವಾಸಕೋಶಕ್ಕೆ ಹೋಗತ್ತೆ.

## ಹಿಮ ಕರಗೋವಾಗ

ಬಿಸಿಲು ಬಂತು ಅಂತ ಎಲ್ಲ ನಿಲ್ಲಿಸ್ತಾರೆ, ಪ್ರಾಣಿಗಳು ಒದ್ದೆಯಾಗೋದೇ ಆಗ. ಮೊಲದ ಪೆಟ್ಟಿಗೆ ಕೆಳಗೆ ನೀರು ನಿಂತಿದ್ರೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಗೂಡಿನ ಸುತ್ತ ಸಣ್ಣ ಕಾಲುವೆ ತೋಡಿ, ತೋಯ್ದ ಹಾಸಿಗೆಯನ್ನ ಈ ಸಲ ಮೇಲೆ ಮೇಲೆ ಮುಚ್ಚದೆ ಪೂರ್ತಿ ತೆಗೆದು ಹಾಕಿ. ಹಗಲು ಕರಗಿದ್ದು ರಾತ್ರಿ ಗಾಜಿನಂಗೆ ಗಟ್ಟಿಯಾಗತ್ತೆ, ದಾರಿಗೆ ಸಂಜೆನೇ ಮರಳು ಹಾಕಿ. ಚಾವಣಿಯಿಂದ ಹಿಮ ಜಾರಿ ಬೀಳೋದೂ ಜಾಸ್ತಿ ಈ ಹೊತ್ತಲ್ಲೇ, ಸೂರಿನ ಕೆಳಗೆ ಯಾರನ್ನೂ ನಿಲ್ಲಿಸ್ಬೇಡಿ.

ಬಲೆಯ ಗಂಟು, ಮೂಲೆಯ ಕಂಬ, ಬೇಲಿ ಬುಡ ಒಂದ್ಸಲ ನೋಡಿ, ಭಾರಕ್ಕೆ ಎಲ್ಲೋ ಸಡಿಲ ಆಗಿರತ್ತೆ. ಫೀಡರ್ ಕೆಳಗೆ ಹಿಮದೊಳಗೆ ಸೇರಿಕೊಂಡಿದ್ದ ಕಾಳು ಈಗ ಕೊಳೀತಾ ಇರತ್ತೆ, ಅದನ್ನ ಬಳಿದು ಹಾಕಿ, ಇಲ್ಲಾಂದ್ರೆ ಇಲಿ ಬರತ್ತೆ. ಹಕ್ಕಿಗಳಿಗೆ ಹಾಕೋದನ್ನ ಮಾತ್ರ ಒಂದೇ ದಿನಕ್ಕೆ ನಿಲ್ಲಿಸದೆ, ನೆಲ ಪೂರ್ತಿ ಮೆತ್ತಗಾಗಿ ಹುಳ ಹೆಕ್ಕೋಕೆ ಸಿಗೋವರೆಗೆ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬನ್ನಿ.